ಆ ಸೊನ್ನೆ ಮೈಸೂರಿನದಲ್ಲ

ಮೈಸೂರಲ್ಲಿ ಎಸ್‌ಟಿಡಿ-ಐಎಸ್‌ಡಿ ಬೂತ್ ಇಟ್ಟಿದ್ದವನು ನಾನು. ಈಗ ಅದೇ ಮಳಿಗೆಯಲ್ಲಿ ವಿಮಾನದ ಟಿಕೆಟ್ ಮಾಡಿಕೊಡುತ್ತೇನೆ. ಹಳದಿ ಬೋರ್ಡು ಇಳಿಯಿತು, ಕೆಂಪು ಅಂಕಿಯ ಮೀಟರು ಗುಜರಿಗೆ ಹೋಯಿತು. ಜನರ ಸೊನ್ನೆ ಮಾತ್ರ ಹೋಗಲಿಲ್ಲ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟವರು ಬರುತ್ತಾರೆ. ಪಾಸ್‌ಪೋರ್ಟ್, ವೀಸಾ, ಇನ್ಶೂರೆನ್ಸ್ ಎಲ್ಲ ನೀಟು. ಡೈರಿ ತೆಗೆದರೆ +91 0821, ಆಮೇಲೆ ಮನೆ ನಂಬರು. ಇದನ್ನು ಅಲ್ಲಿಂದ ಒತ್ತಿದರೆ ಕರೆ ಹೋಗುತ್ತೆ ಅಂತ ನಂಬಬೇಡಿ.

ಮೈಸೂರಿನ ಕೋಡ್ 821 ಸ್ವಾಮಿ, 0821 ಅಲ್ಲ. ಸೊನ್ನೆ ಅನ್ನೋದು ಇಲ್ಲಿನ ಎಕ್ಸ್‌ಚೇಂಜಿಗೆ ‘ಇದು ಲೋಕಲ್ ಅಲ್ಲಪ್ಪ, ಬೇರೆ ಊರಿಗೆ ಕಳಿಸು’ ಎಂದು ಹೇಳುವುದಕ್ಕೆ ಅಷ್ಟೇ. ಹೊರದೇಶದಿಂದ 91 ಒತ್ತಿದಾಗಲೇ ಆ ಕೆಲಸ ಮುಗಿದಿರುತ್ತದೆ. ಮೇಲೆ ಸೊನ್ನೆ ಸೇರಿಸುವುದು ಮಂಡ್ಯದ ಬಸ್ಸಲ್ಲಿ ಸೀಟು ಹಿಡಿದು ಕೂತವರು ಬಸ್‌ಸ್ಟ್ಯಾಂಡಿಗೆ ಆಟೋ ಕೇಳಿದ ಹಾಗೆ. ಅನುಮಾನ ಇದ್ದರೆ ಎಣಿಸಿ. ಮೈಸೂರಿನ 821ರ ಜೊತೆ ಏಳು ಅಂಕಿ, ಒಟ್ಟು 10. ಮಂಡ್ಯದ 8232ರ ಜೊತೆ ಆರು, ಅದೂ 10. 91 ಆದಮೇಲೆ ಹನ್ನೊಂದು ಬಂತೋ, ಸೊನ್ನೆ ನುಸುಳಿದೆ. 2021ರ ಜನವರಿಯಿಂದ ಲ್ಯಾಂಡ್‌ಲೈನಿಂದ ಮೊಬೈಲಿಗೆ ಮಾಡುವಾಗಲೂ ಸೊನ್ನೆ ಹಾಕಬೇಕು ಅಂತ ಆಯ್ತಲ್ಲ, ಈಗ ಮೊಬೈಲ್ ನಂಬರಿಗೂ ಅದನ್ನು ಅಂಟಿಸಿಕೊಂಡು ಬರುತ್ತಾರೆ.

ಹಾಗಂತ ಎಲ್ಲ ದೇಶದ ಸೊನ್ನೆಯನ್ನೂ ಕೀಳಬೇಡಿ. ಇಟಲಿಯ ಲ್ಯಾಂಡ್‌ಲೈನಿಗೆ ಹೊರಗಿನಿಂದ ಮಾಡುವಾಗಲೂ ಸೊನ್ನೆ ಇರಬೇಕು.

ಪ್ಲಸ್ ಗುರುತು ಮೊಬೈಲಿನ ಅನುಕೂಲ. ಮಗಳ ಮನೆಯ ಲ್ಯಾಂಡ್‌ಲೈನಿಂದ ಮಾಡಿದರೆ ಪ್ಲಸ್ ಜಾಗದಲ್ಲಿ ಅಮೆರಿಕದಲ್ಲಿ 011, ಬ್ರಿಟನ್ನಿನಲ್ಲಿ 00, ಆಸ್ಟ್ರೇಲಿಯಾದಲ್ಲಿ 0011.

ಇನ್ನು ಕೆಲವರು +91 ಕೂಡ ಇಲ್ಲದೆ ಬರೀ ಹತ್ತು ಅಂಕಿ ಸೇವ್ ಮಾಡಿರುತ್ತಾರೆ. ನಮ್ಮ ಕಡೆಯ ಹಳೇ ಮೊಬೈಲ್ ನಂಬರುಗಳು ಎಷ್ಟೋ 9845ರಿಂದ ಶುರುವಾಗುತ್ತವೆ, ಅಲ್ವಾ? ಅಮೆರಿಕದಲ್ಲಿ 984 ಅಂದರೆ ನಾರ್ತ್ ಕ್ಯಾರೊಲೈನಾದ ರಾಲೀ ಸುತ್ತಮುತ್ತಲಿನ ಕೋಡ್. ಫೋನು, ಪ್ಲಾನು ನೋಡಿಕೊಂಡು ಬೇರೆ ಥರ ಆಗಬಹುದು, ಆದರೆ ಭಾವಮೈದನಿಗೆ ಮಾಡಿದ ಕರೆಯನ್ನು ಅಲ್ಲಿನ ಯಾರೋ ಎತ್ತಿಕೊಂಡರೆ ನನ್ನನ್ನು ಕೇಳಬೇಡಿ.

ಹೋದ ತಿಂಗಳು ಮಂಡ್ಯದಿಂದ ಒಬ್ಬ ರಿಟೈರ್ಡ್ ಮೇಷ್ಟ್ರು ಹೆಂಡತಿ ಜೊತೆ ಬಂದಿದ್ದರು. ಲೆಕ್ಕದ ಮೇಷ್ಟ್ರು ಬೇರೆ. "ಸೊನ್ನೆ ಇಲ್ದೆ ಮಂಡ್ಯ ಹೇಗ್ರೀ ಸಿಗುತ್ತೆ? ಮೂವತ್ತು ವರ್ಷದಿಂದ ಹಾಕ್ತಿದೀನಿ" ಎಂದು ಜಗಳಕ್ಕೇ ನಿಂತರು. ಅರ್ಧ ಗಂಟೆ ವಿವರಿಸಿದೆ. ಕಾಫಿ ತರಿಸಿದೆ. ಹೆಂಡತಿ ಸುಮ್ನೆ ಕೇಳಿಸಿಕೊಂಡು ಕೂತಿದ್ದವರು, ಡೈರಿ ಎಳೆದುಕೊಂಡು ಒಂದೊಂದೇ ಸೊನ್ನೆಗೆ ಪೆನ್ಸಿಲಿನಲ್ಲಿ ತೆಳ್ಳಗೆ ಗೀಟು ಹಾಕುತ್ತಾ ಹೋದರು.

"ಪೆನ್ನಲ್ಲೇ ಹೊಡೆದುಬಿಡಿ ಅಮ್ಮ" ಅಂದೆ.

"ಬೇಡಪ್ಪ, ವಾಪಸ್ ಬಂದಮೇಲೆ ಬೇಕಾಗುತ್ತೆ" ಅಂದರು.