ಒಂದೇ ನಮೂನೆ, ಮೂರು ಬಗೆಯ ಸಂಶೋಧನೆ

ಪಿಎಚ್.ಡಿ.ಗೆ ನೋಂದಾಯಿಸಿಕೊಳ್ಳುವವರು ತುಂಬಬೇಕಾದ ನಮೂನೆಯಲ್ಲಿ ಪ್ರಾಕ್ಕಲ್ಪನೆ (ಪರೀಕ್ಷಿಸಿ ನೋಡಬೇಕಾದ ಊಹೆ), ಮಾದರಿಯ ಗಾತ್ರ (ಎಷ್ಟು ಮಂದಿಯನ್ನು ಅಥವಾ ಎಷ್ಟು ವಸ್ತುಗಳನ್ನು ಪರೀಕ್ಷಿಸುತ್ತೀರಿ ಎಂಬುದು), ದತ್ತಾಂಶ ಸಂಗ್ರಹದ ವಿಧಾನ ಎಂಬ ಅಂಕಣಗಳು ಇದ್ದೇ ಇರುತ್ತವೆ. ವೈದ್ಯಕೀಯದವರು ಅವನ್ನು ಸಲೀಸಾಗಿ ತುಂಬುತ್ತಾರೆ, ಎಂಜಿನಿಯರಿಂಗ್‌ನವರು ತುಸು ತಿಣುಕುತ್ತಾರೆ. ಕಾನೂನಿನವರು ಗ್ರಂಥಾಲಯಕ್ಕೆ ಬಂದು, ‘ಸರ್, ಮಾದರಿಯ ಗಾತ್ರ ಎಂಬಲ್ಲಿ ಏನು ಬರೆಯಲಿ?’ ಎಂದು ನನ್ನನ್ನು ಕೇಳುತ್ತಾರೆ. ಕೊನೆಗೆ ‘ಇಪ್ಪತ್ತೈದು ತೀರ್ಪುಗಳು’ ಎಂದು ಬರೆದು ಪಾರಾಗುವವರೇ ಹೆಚ್ಚು. ಇಪ್ಪತ್ತಾರನೆಯ ತೀರ್ಪು ಈ ಇಪ್ಪತ್ತೈದನ್ನೂ ಅಸಿಂಧುಗೊಳಿಸಿದ್ದರೆ ಗತಿಯೇನು ಎಂದು ನಮೂನೆ ಕೇಳುವುದಿಲ್ಲ.

ಮೂರೂ ವಿಭಾಗಗಳ ಸಂಶೋಧಕರಿಗೆ ಆಕರ ಹುಡುಕಿಕೊಡುವ ಗ್ರಂಥಪಾಲಕನಾಗಿ ನನ್ನ ತಕರಾರು ಇಷ್ಟೇ: ಯಾವುದನ್ನು ಪುರಾವೆ ಎಂದು ಒಪ್ಪಬೇಕು ಎಂಬುದರಲ್ಲೇ ಈ ಮೂರು ಕ್ಷೇತ್ರಗಳು ಬೇರೆಬೇರೆ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದರೆ ಒಳ್ಳೆಯ ಕೆಲಸ ಕಳಪೆಯಾಗಿ ಕಾಣುತ್ತದೆ, ಕಳಪೆ ಕೆಲಸ ಪಾಸಾಗುತ್ತದೆ.

ವೈದ್ಯಕೀಯ ಸಂಶೋಧನೆ ತರ್ಕವನ್ನು ಸುಲಭವಾಗಿ ನಂಬುವುದಿಲ್ಲ. ಪೆಟ್ಟು ತಿಂದು ಕಲಿತ ಅಪನಂಬಿಕೆ ಅದು. ಹೃದಯಾಘಾತದಿಂದ ಉಳಿದವರಲ್ಲಿ ಹೃದಯದ ಲಯ ಆಗಾಗ ತಪ್ಪುತ್ತಿದ್ದರೆ ಸಾವಿನ ಅಪಾಯ ಹೆಚ್ಚು ಎಂಬುದು ತಿಳಿದಿತ್ತು. ಲಯ ತಪ್ಪುವುದನ್ನು ಅಡಗಿಸುವ ಔಷಧಗಳೂ ಇದ್ದವು. ಹಾಗಾದರೆ ಅವನ್ನು ಕೊಟ್ಟರೆ ಸಾವು ತಗ್ಗಲೇಬೇಕಲ್ಲ? ವೈದ್ಯರು ಹಾಗೆಯೇ ನಂಬಿ ಬರೆದುಕೊಡುತ್ತಿದ್ದರು. ‘ಕಾಸ್ಟ್’ ಎಂಬ ಪ್ರಯೋಗದಲ್ಲಿ 1498 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪಾಗಿ ಹಂಚಿ, 755 ಮಂದಿಗೆ ಎನ್‌ಕೈನೈಡ್ ಅಥವಾ ಫ್ಲೆಕೈನೈಡ್ ಔಷಧವನ್ನೂ 743 ಮಂದಿಗೆ ಔಷಧವಿಲ್ಲದ ಹುಸಿಮಾತ್ರೆಯನ್ನೂ ಕೊಟ್ಟರು. ಹುಸಿಮಾತ್ರೆ ನುಂಗಿದವರಲ್ಲಿ 26 ಮಂದಿ ಸತ್ತರು, ಔಷಧ ನುಂಗಿದವರಲ್ಲಿ 63 ಮಂದಿ. 1989ರಲ್ಲಿ ಈ ಎರಡು ಔಷಧಗಳ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಇಸಿಜಿಯಲ್ಲಿ ಲಯ ಸರಿಹೋಗಿತ್ತು, ಸಾವು ಮಾತ್ರ ಹೆಚ್ಚಿತ್ತು.

ಆದ್ದರಿಂದ ಈ ಕ್ಷೇತ್ರದಲ್ಲಿ ಎಣಿಕೆಗೆ ಅಷ್ಟು ಬೆಲೆ, ಏನನ್ನು ಎಣಿಸುತ್ತೇವೆ ಎಂಬುದನ್ನು ಮೊದಲೇ ಹೇಳುವುದಕ್ಕೆ ಇನ್ನೂ ಹೆಚ್ಚು. 2005ರಿಂದ ಪ್ರಮುಖ ವೈದ್ಯಕೀಯ ನಿಯತಕಾಲಿಕೆಗಳ ಸಂಪಾದಕರು, ಮೊದಲ ರೋಗಿ ಸೇರುವ ಮುನ್ನವೇ ಪ್ರಯೋಗ ಸಾರ್ವಜನಿಕ ದಾಖಲೆಯಲ್ಲಿ ನೋಂದಣಿಯಾಗಿರಬೇಕು ಎಂದು ಪಟ್ಟು ಹಿಡಿದಿದ್ದಾರೆ. ಫಲಿತಾಂಶ ಬಂದ ಮೇಲೆ ಗುರಿಯನ್ನು ಬದಲಿಸಿಕೊಳ್ಳುವ ಚಾಳಿಗೆ ಅದೊಂದು ಕಡಿವಾಣ.

ಎಂಜಿನಿಯರಿಂಗ್‌ನಲ್ಲಿ ಒಂದೇ ಒಂದು ಮಾದರಿಯೂ ಸಾಕಾಗಬಹುದು. ಕಾಮೆಟ್ ಪ್ರಯಾಣಿಕರ ಜೆಟ್ ವಿಮಾನಗಳು 1954ರ ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು ಮೆಡಿಟರೇನಿಯನ್ ಸಮುದ್ರದ ಮೇಲೆ ಹಾರುವಾಗ ಒಡೆದು ಬಿದ್ದವು. ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿ ಇನ್ನೊಂದು ಕಾಮೆಟ್‌ನ ಕ್ಯಾಬಿನ್ನನ್ನು ಇಡಿಯಾಗಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗಿನ ಒತ್ತಡವನ್ನು ಏರಿಸಿ ಇಳಿಸಿ, ಹಾರಾಟವನ್ನು ಅನುಕರಿಸುತ್ತ ಹೋದರು. ಹಿಂದೆ ನಿಜವಾಗಿ ಹಾರಿದ್ದ 1221 ಸಲವನ್ನೂ ಸೇರಿಸಿ 3057ನೆಯ ಸುತ್ತಿನಲ್ಲಿ, ತೆರಪೊಂದರ ಮೂಲೆಯಿಂದ ಹೊರಟ ಬಿರುಕು ಕ್ಯಾಬಿನ್ನನ್ನು ಸೀಳಿತು. ವಿಚಿತ್ರವೆಂದರೆ, ತಯಾರಕರು ಮೊದಲೇ ಕ್ಯಾಬಿನ್ನಿನ ಒಂದು ಭಾಗವನ್ನು ಇದೇ ಬಗೆಯ ಪರೀಕ್ಷೆಗೆ ಒಡ್ಡಿದ್ದರು. ಅದು 16,000ದಷ್ಟು ಸುತ್ತು ತಾಳಿತ್ತು.

ವ್ಯತ್ಯಾಸ ಬಂದದ್ದು ಪರೀಕ್ಷಿಸಿದ ತುಂಡಿನ ಪೂರ್ವಚರಿತ್ರೆಯಿಂದ. ಬಲ ಎಷ್ಟಿದೆ ಎಂದು ನೋಡಲು ಅದೇ ತುಂಡಿಗೆ ಅದಕ್ಕೂ ಮುಂಚೆ ಹಾರುವಾಗಿನ ಒತ್ತಡದ ಸುಮಾರು ಎರಡು ಪಟ್ಟು ಒತ್ತಡ ಕೊಟ್ಟಿದ್ದರು. ಆಗ ಮೂಲೆಗಳ ಲೋಹ ಶಾಶ್ವತವಾಗಿ ಒಂದಿಷ್ಟು ಹಿಗ್ಗಿ, ಒತ್ತಡ ತೆಗೆದ ಮೇಲೆ ಸುತ್ತಲಿನ ಲೋಹದ ಬಿಗಿತಕ್ಕೆ ಸಿಕ್ಕಿ ಅದುಮಿಕೊಂಡು, ಬಿರುಕನ್ನು ತಡೆಯುವ ಸ್ಥಿತಿಗೆ ಬಂದಿತ್ತು. ಪ್ರಯಾಣಿಕರನ್ನು ಹೊತ್ತು ಹಾರುತ್ತಿದ್ದ ವಿಮಾನಗಳಿಗೆ ಆ ಸಂಸ್ಕಾರ ಆಗಿರಲಿಲ್ಲ. ಇಂಥ ಕಡೆ ಮಾದರಿಯ ಗಾತ್ರ ಕೇಳಿ ಏನು ಬಂತು? ಪರೀಕ್ಷೆಗೆ ಮುನ್ನ ಈ ತುಂಡಿನ ಮೇಲೆ ಏನೇನು ನಡೆದಿತ್ತು ಎಂಬ ಅಂಕಣ ನಮೂನೆಯಲ್ಲಿ ಇರಬೇಕಾಗಿತ್ತು.

ಇನ್ನು ಕಾನೂನು. ಇಲ್ಲಿ ಪ್ರಯೋಗಾಲಯವಿಲ್ಲ, ಅನೇಕ ಸಲ ಅಂಕಿ ಅಂಶವೂ ಇಲ್ಲ. ಹಾಗೆಂದು ಇದನ್ನು ಬರಿಯ ಅಭಿಪ್ರಾಯ ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಹೈಡೆಲ್‌ಬರ್ಗ್‌ನ ಕಾನೂನು ವಿದ್ವಾಂಸ ಡೀಟ್ರಿಷ್ ಕಾನ್ರಾಡ್ 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಒಂದು ಉಪನ್ಯಾಸ ಕೊಟ್ಟರು. ಸಂವಿಧಾನವನ್ನು ತಿದ್ದುವ ಅಧಿಕಾರ ಬಳಸಿ ಸಂವಿಧಾನವನ್ನೇ ರದ್ದುಪಡಿಸಿ, ಮೊಗಲ್ ಚಕ್ರವರ್ತಿಯ ಅಥವಾ ಇಂಗ್ಲೆಂಡಿನ ರಾಜಮನೆತನದ ಆಳ್ವಿಕೆಯನ್ನು ಮರಳಿ ತರಬಹುದೇ ಎಂಬುದು ಅವರು ಎತ್ತಿದ ಪ್ರಶ್ನೆಗಳಲ್ಲೊಂದು. ತಿದ್ದುಪಡಿಯಿಂದಲೂ ಮುಟ್ಟಲಾಗದ ಭಾಗಗಳನ್ನು ಗುರುತಿಸಿದ ಜರ್ಮನಿಯ 1949ರ ಸಂವಿಧಾನ ಅವರ ಹಿನ್ನೆಲೆಯಲ್ಲಿತ್ತು. 1967ರ ಗೋಲಕ್‌ನಾಥ್ ಮೊಕದ್ದಮೆಯಲ್ಲಿ ವಕೀಲ ಎಂ.ಕೆ. ನಂಬಿಯಾರ್ ಈ ವಾದವನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟರು. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದಲ್ಲಿ ಹದಿಮೂರು ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ ಸಂವಿಧಾನದ ಮೂಲ ಸಂರಚನೆಯನ್ನು ತಿದ್ದುಪಡಿಯಿಂದಲೂ ಕೆಡಿಸುವಂತಿಲ್ಲ ಎಂಬ ತತ್ತ್ವವನ್ನು ಎತ್ತಿಹಿಡಿದಾಗ, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕಾನ್ರಾಡರ ಮಾತನ್ನು ತಮ್ಮ ತೀರ್ಪಿನಲ್ಲಿ ಉದ್ಧರಿಸಿದರು.

ಆ ಉಪನ್ಯಾಸದಲ್ಲಿ ಸಮೀಕ್ಷೆ ಇರಲಿಲ್ಲ. ಇದ್ದದ್ದು ಪಠ್ಯದ ಓದು, ಬೇರೊಂದು ದೇಶದ ಅನುಭವ ಮತ್ತು ವಾದವನ್ನು ಅದರ ತುದಿಯವರೆಗೆ ಎಳೆದು ನೋಡುವ ಧೈರ್ಯ. ಈ ಬಗೆಯ ಪ್ರಬಂಧವನ್ನು ಪರೀಕ್ಷಿಸಬೇಕಾದರೆ, ತನ್ನ ವಿರುದ್ಧ ನಿಂತ ಅತ್ಯಂತ ಬಲವಾದ ತೀರ್ಪನ್ನು ಅದು ಎದುರಿಸಿದೆಯೇ ಎಂದು ನೋಡಬೇಕು. ಸೆರೆಮನೆಗಳಲ್ಲಿ, ನ್ಯಾಯಾಲಯಗಳಲ್ಲಿ ಮಾಹಿತಿ ಕಲೆಹಾಕಿ ಮಾಡುವ ಕಾನೂನು ಸಂಶೋಧನೆಯೂ ಇದೆ ಎನ್ನಿ, ಅದಕ್ಕೆ ಸಮಾಜವಿಜ್ಞಾನದ ನಿಯಮಗಳೇ ಸಲ್ಲುತ್ತವೆ.

ಪ್ರಕಟಣೆಯ ರೂಢಿಗಳೂ ಬೇರೆಯೇ. ವೈದ್ಯಕೀಯ ಲೇಖನ ಚಿಕ್ಕದು, ಲೇಖಕರ ಪಟ್ಟಿ ಉದ್ದ. ಕಾನೂನಿನದು ಬಹುಮಟ್ಟಿಗೆ ಒಬ್ಬರೇ ಬರೆದ ನೀಳ ಲೇಖನ, ಅಡಿಟಿಪ್ಪಣಿಗಳೇ ಅರ್ಧ ಪುಟ ನುಂಗಿರುತ್ತವೆ. ಅಮೆರಿಕದಲ್ಲಂತೂ ಹೆಸರಾಂತ ಕಾನೂನು ನಿಯತಕಾಲಿಕೆಗಳನ್ನು ವಿದ್ಯಾರ್ಥಿಗಳೇ ಸಂಪಾದಿಸುತ್ತಾರೆ. ಕಂಪ್ಯೂಟರ್ ವಿಜ್ಞಾನದಲ್ಲಿ ಸಮ್ಮೇಳನದ ಪ್ರಬಂಧಕ್ಕೆ ಇರುವ ಮಾನ ಎಷ್ಟೋ ನಿಯತಕಾಲಿಕೆಗಳ ಲೇಖನಗಳಿಗೆ ಇಲ್ಲ. ಇವರನ್ನೆಲ್ಲ, ಬರೆದದ್ದನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಒಂದೇ ತಕ್ಕಡಿಗೆ ಹಾಕುವ ಬಡ್ತಿ ಸಮಿತಿಗಳಿಗೆ ಏನು ಹೇಳುವುದು?

ಈಚೆಗೆ ಮೂರೂ ವಿಭಾಗಗಳು ಕೂಡುವ ವಿಷಯಗಳು ಬರುತ್ತಿವೆ, ರೋಗ ಪತ್ತೆ ಮಾಡುವ ಸಾಫ್ಟ್‌ವೇರ್ ಅಂಥದ್ದು. ಎಷ್ಟು ಚಿತ್ರಗಳನ್ನು ಸರಿಯಾಗಿ ಗುರುತಿಸಿತು ಎನ್ನುವಲ್ಲಿಗೆ ಎಂಜಿನಿಯರನ ಪುರಾವೆ ಮುಗಿಯುತ್ತದೆ. ಅದರಿಂದ ರೋಗಿಗೆ ಒಳಿತಾಯಿತೇ ಎನ್ನುವಲ್ಲಿ ವೈದ್ಯರದು ಶುರುವಾಗುತ್ತದೆ. ತಪ್ಪಾದರೆ ಹೊಣೆ ಯಾರದು ಎಂಬುದು ವಕೀಲರ ಪ್ರಶ್ನೆ. ಐರೋಪ್ಯ ಒಕ್ಕೂಟ 2024ರ ತನ್ನ ಉತ್ಪನ್ನ ಹೊಣೆಗಾರಿಕೆ ನಿರ್ದೇಶನದಲ್ಲಿ ಸಾಫ್ಟ್‌ವೇರನ್ನೂ ಉತ್ಪನ್ನವೆಂದೇ ಪರಿಗಣಿಸಿದೆ. ಆದರೆ ಪ್ರಯೋಗ ನಡೆದದ್ದು ಒಂದು ಆವೃತ್ತಿಯ ಮೇಲೆ, ಆಸ್ಪತ್ರೆಯಲ್ಲಿ ಓಡುತ್ತಿರುವುದು ಇನ್ನೊಂದು, ಹಾನಿಯಾದ ದಿನ ಇದ್ದದ್ದು ಮೂರನೆಯದು ಆಗಿರಬಹುದು. ಈ ವಿಷಯ ಹಿಡಿದು ಬರುವವರಿಗೆ, ಓದುವ ಪ್ರತಿ ಲೇಖನದ ಟಿಪ್ಪಣಿಯಲ್ಲೂ ಆವೃತ್ತಿ ಸಂಖ್ಯೆ ಬರೆದಿಟ್ಟುಕೊಳ್ಳಿ ಎನ್ನುತ್ತೇನೆ. ಆ ಸಂಖ್ಯೆಯನ್ನೇ ಕೊಡದ ಲೇಖನಗಳು ಎಷ್ಟಿವೆ ಎಂಬುದು ವಾರದೊಳಗೆ ಅವರಿಗೇ ಗೊತ್ತಾಗುತ್ತದೆ.