ಇರುವೆ ಕಚ್ಚಿದ ಹಾಗೆ, ಅಷ್ಟೇ

"ಹೆದರಬೇಡ ತಮ್ಮಾ, ಇರುವೆ ಕಚ್ಚಿದ ಹಾಗೆ, ಅಷ್ಟೇ."

ಕುಮಟಾದ ಆಸ್ಪತ್ರೆಯೊಂದರಲ್ಲಿ ದಾದಿ ಅಕ್ಕರೆಯಿಂದಲೇ ಹೀಗೆ ಹೇಳಿದ್ದು. ಅಷ್ಟು ಕೇಳಿದ್ದೇ ತಡ, ನನ್ನ ಅಕ್ಕನ ಮಗ ತೋಳು ಕಿತ್ತುಕೊಂಡ. ತುಕ್ಕು ಮೊಳೆ ತುಳಿದು ಬಂದಿದ್ದ ಆರು ವರ್ಷದ ಹುಡುಗ. ಗೇರು ಮರ ಹತ್ತಿ ಬೆಳೆಯುವ ನಮ್ಮ ಕರಾವಳಿಯ ಮಕ್ಕಳಿಗೆ ಇರುವೆಯೆಂದರೆ ಚಗಳಿ. ಎಲೆ ಹೊಲಿದು ಗೂಡು ಕಟ್ಟುವ ಆ ಕೆಂಪಿರುವೆ ಕಚ್ಚಿ ಸುಮ್ಮನಿರುವುದಿಲ್ಲ, ಕಚ್ಚಿದಲ್ಲಿಗೆ ಫಾರ್ಮಿಕ್ ಆಮ್ಲವನ್ನೂ ಚಿಮ್ಮಿಸುತ್ತದೆ. ಸೂಜಿ ತಾಗುವ ಮೊದಲೇ ಹುಡುಗನಿಗೆ ಆ ಉರಿ ನೆನಪಾಗಿರಬೇಕು.

ಸಮಾಧಾನದ ಮಾತು ನೋವನ್ನು ಹೆಚ್ಚಿಸೀತೇ? ಅಮೆರಿಕದ ಅರಿವಳಿಕೆ ತಜ್ಞರು ಇದನ್ನೇ ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನ ತುಂಬಿದ 140 ಗರ್ಭಿಣಿಯರ ಬೆನ್ನಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಡಬೇಕಿತ್ತು. ಕೆಲವರಿಗೆ, "ಈ ಮದ್ದಿನಿಂದ ಜಾಗ ಮರಗಟ್ಟುತ್ತದೆ, ನಿಮಗೆ ಹಿತವಾಗಿರುತ್ತದೆ" ಎಂದರು. ಉಳಿದವರಿಗೆ, "ದೊಡ್ಡ ಜೇನುನೊಣ ಕುಟುಕಿದ ಹಾಗಾಗುತ್ತದೆ, ಇದೇ ಎಲ್ಲಕ್ಕಿಂತ ಕಷ್ಟದ್ದು" ಎಂದರು. ಮದ್ದು ಒಂದೇ. ಆದರೂ ಹತ್ತರ ಅಳತೆಯಲ್ಲಿ ನೋವಿನ ಮಧ್ಯಮಾಂಕ ಮೊದಲ ಗುಂಪಿನಲ್ಲಿ 3, ಎರಡನೆಯದರಲ್ಲಿ 5.

ಕೇಡನ್ನು ನಿರೀಕ್ಷಿಸಿದ ದೇಹ ಕೇಡನ್ನೇ ಅನುಭವಿಸುವುದಕ್ಕೆ ನೊಸೀಬೊ ಪರಿಣಾಮ ಎಂಬ ಹೆಸರಿದೆ. ಇದನ್ನು ಬರಿಯ ಕಲ್ಪನೆ ಎಂದು ತಳ್ಳಿಹಾಕುವುದು ನೋವುಂಡವರಿಗೆ ಮಾಡುವ ಅನ್ಯಾಯ. ನೋವಿನ ಆತಂಕ ಹುಟ್ಟಿದಾಗ ನರಮಂಡಲದಲ್ಲಿ ಕೊಲೆಸಿಸ್ಟೊಕೈನಿನ್ ಎಂಬ ರಾಸಾಯನಿಕ ಚುರುಕಾಗಿ, ನೋವಿನ ಸಂಕೇತಕ್ಕೆ ಬಲ ತುಂಬುತ್ತದೆ. ಉಂಡ ಮೇಲೆ ಪಿತ್ತಕೋಶ ಸಂಕುಚಿಸುವಂತೆ ಮಾಡುವುದೂ ಇದೇ! ಇಟಲಿಯ ಫ್ಯಾಬ್ರಿಜಿಯೊ ಬೆನೆಡೆಟ್ಟಿ ಮತ್ತು ಸಂಗಡಿಗರು ಇದರ ಕೆಲಸಕ್ಕೆ ತಡೆಯೊಡ್ಡುವ ಔಷಧ ಕೊಟ್ಟಾಗ, ಮಾತಿನಿಂದ ಹೆಚ್ಚಬೇಕಿದ್ದ ನೋವು ಹೆಚ್ಚಲಿಲ್ಲ.

ನನ್ನನ್ನು ಇನ್ನೂ ಕಾಡುವುದು 2011ರ ಆಕ್ಸ್‌ಫರ್ಡ್ ಪ್ರಯೋಗ. ಕಾಲಿಗೆ ಸುಡುವ ಶಾಖ ಕೊಡುತ್ತಾ, ರೆಮಿಫೆಂಟಾನಿಲ್ ಎಂಬ ಪ್ರಬಲ ನೋವುನಿವಾರಕವನ್ನು ರಕ್ತಕ್ಕೆ ಹರಿಸುತ್ತಿದ್ದರು. "ಮದ್ದು ನಿಲ್ಲಿಸಿದ್ದೇವೆ" ಎಂದು ಸುಳ್ಳು ಹೇಳಿದೊಡನೆ ನೋವು ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೇ ಮರಳಿತು. ಮದ್ದು ಮಾತ್ರ ಹರಿಯುತ್ತಲೇ ಇತ್ತು.

ಹಾಗೆಂದು ಮಗುವಿಗೆ "ಏನೂ ಆಗುವುದಿಲ್ಲ" ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಮರುಕ್ಷಣವೇ ಆ ಸುಳ್ಳು ಬಯಲಾಗುತ್ತದೆ, ಮುಂದಿನ ಸಲ ಅವನು ಯಾರನ್ನೂ ನಂಬುವುದಿಲ್ಲ. ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಮೊಳೆಯ ಗಾಯದಿಂದ ನಂಜು ಏರದ ಹಾಗೆ ಈ ಮದ್ದು ಕಾಯುತ್ತದೆ, ತೋಳು ಸಡಿಲ ಬಿಡು" ಎಂದೆ. ಅತ್ತ. ಆದರೆ ಈ ಸಲ ತೋಳು ಎಳೆದುಕೊಳ್ಳಲಿಲ್ಲ.