ಬೋರ್ಡು ಒಬ್ಬರದು, ಗಲ್ಲಾ ಇನ್ನೊಬ್ಬರದು: ಸಿನಿಮಾ ಲೈಸೆನ್ಸ್ ಮತ್ತು ಆಟಿಕೆ ಕಂಪನಿಗಳು

ಭಾನುವಾರ ಮಾಟುಂಗಾದಲ್ಲಿ ಒಟ್ಟಿಗೆ ಓದಲು ಕೂತಾಗ ನಾವೆಲ್ಲ ಸಿಕ್ಕಿಕೊಂಡಿದ್ದು ಆಟಿಕೆ ಕಂಪನಿಗಳ ಸಿನಿಮಾ ಲೈಸೆನ್ಸಿನ ಪಾಠದಲ್ಲೇ. ‘ಲೈಸೆನ್ಸ್ ಅಂದರೆ ಸಿನಿಮಾದ ಹೆಸರು ಕೊಂಡುಕೊಳ್ಳುವುದು’ ಎಂದು ಬರೆದುಕೊಂಡಿದ್ದೆವು. ಅದು ತಪ್ಪು. ಸಿನಿಮಾದ ಹೆಸರು, ಪಾತ್ರಗಳನ್ನು ಆಟಿಕೆಯ ಮೇಲೆ ಬಳಸಲು ಹಕ್ಕುದಾರರು ಕೊಡುವ ಅನುಮತಿ ಅದು. ಅಲ್ಲಿ ಕೊಳ್ಳುವುದು ಏನೂ ಇಲ್ಲ, ಎಲ್ಲಾ ಬಾಡಿಗೆ.

ಮುಂಬಯಿಯಲ್ಲಿರುವ ನಮಗೆ ಇದನ್ನು ದೂರ ಹೋಗಿ ಕಲಿಯಬೇಕಿಲ್ಲ. ನನ್ನ ಸೋದರಮಾವ ಚೆಂಬೂರಿನಲ್ಲಿ ಒಂದು ಹೋಟೆಲನ್ನು ಕಂಡಕ್ಟಿಂಗ್ ಮೇಲೆ ನಡೆಸುತ್ತಿದ್ದರು. ಬೋರ್ಡು ಮಾಲೀಕರದು, ಒಲೆ ಮುಂದಿನ ಬೆವರು ಮಾವನದು. ವ್ಯಾಪಾರ ಆಗಲಿ ಬಿಡಲಿ, ತಿಂಗಳಿಗೆ ಇಷ್ಟು ಎಂದು ಕೊಡಲೇಬೇಕು. ಅಗ್ರಿಮೆಂಟ್ ಮುಗಿದಾಗ ಎರಡು ರಸ್ತೆ ಆಚೆಗಿನ ಹೋಟೆಲಿನವರು ಜಾಸ್ತಿ ದುಡ್ಡು ಹೇಳಿ ಅದನ್ನು ಹಿಡಿದರು. ಮಾವ ಒಂಬತ್ತು ವರ್ಷ ಕಾಫಿ ಕೊಟ್ಟು ರೂಢಿ ಮಾಡಿಸಿದ ಗಿರಾಕಿಗಳು ಮಾರನೇ ದಿನವೂ ಅದೇ ಬೋರ್ಡಿನ ಕೆಳಗೆ ಕೂತು ಇಡ್ಲಿ ತಿಂದರು.

ಈಗ ಬೋರ್ಡಿನ ಜಾಗದಲ್ಲಿ ಡಿಸ್ನಿ ರಾಜಕುಮಾರಿಯರನ್ನು ಇಟ್ಟು ನೋಡಿ. ಆ ಗೊಂಬೆಗಳನ್ನು ವರ್ಷಗಟ್ಟಲೆ ಮಾಡಿ ಮಾರಿದ್ದು ಬಾರ್ಬಿ ಗೊಂಬೆಯ ಕಂಪನಿ ಮ್ಯಾಟೆಲ್. 2014ರಲ್ಲಿ ಡಿಸ್ನಿ ಆ ಲೈಸೆನ್ಸನ್ನು ಹ್ಯಾಸ್ಬ್ರೋ ಎಂಬ ಇನ್ನೊಂದು ಆಟಿಕೆ ಕಂಪನಿಗೆ ಕೊಡುವುದಾಗಿ ಹೇಳಿತು. 2016ರ ಜನವರಿಯಿಂದ ಗೊಂಬೆಗಳು ಎದುರಾಳಿಯ ಪೆಟ್ಟಿಗೆಯಲ್ಲಿ ಬಂದವು. ಫ್ರೋಜನ್ ಸಿನಿಮಾದ ಗೊಂಬೆಗಳೂ ಜೊತೆಗೇ ಹೋದವು. ಅಂಗಡಿಗೆ ಬರುವ ಮಗು ಕೇಳುವುದು ಫ್ರೋಜನ್‌ನ ಎಲ್ಸಾ ಗೊಂಬೆಯನ್ನು, ಮಾಡಿದವರು ಯಾರು ಎಂದಲ್ಲ. ಮ್ಯಾಟೆಲ್ ಗೊಂಬೆ ಚೆನ್ನಾಗಿಲ್ಲ ಎಂದು ಮಕ್ಕಳು ಬಿಟ್ಟಿದ್ದಲ್ಲ. ಅಂಗಡಿಯ ಶೆಲ್ಫಿನಲ್ಲಿ ನಡೆಯಬೇಕಾದ ಪೈಪೋಟಿ ಹೀಗೆ ಮಾತುಕತೆಯ ಕೋಣೆಗೆ ಹೋಗಿಬಿಡುತ್ತದೆ. ಈ ಪಾಠದ ಜೀವ ಇಲ್ಲೇ ಇದೆ ಎಂದು ನನಗನಿಸುತ್ತದೆ.

ಬಾಡಿಗೆಯ ಲೆಕ್ಕ ಹೇಗೆ? ಇಲ್ಲಿನ ಅಂಕಿಗಳು ಅರ್ಥವಾಗಲಿ ಎಂದು ನಾನೇ ಹಾಕಿಕೊಂಡವು. ಹೋಲ್‌ಸೇಲ್ ಬೆಲೆ 250 ರೂಪಾಯಿ, ರಾಯಲ್ಟಿ (ಮಾರಿದ ಪ್ರತಿ ಗೊಂಬೆಗೆ ಹಕ್ಕುದಾರರಿಗೆ ಕೊಡುವ ಪಾಲು) 12%. ಅಂದರೆ ಗೊಂಬೆಗೆ 30 ರೂಪಾಯಿ. ಇದರ ಜೊತೆ ಮಿನಿಮಮ್ ಗ್ಯಾರಂಟಿ, ಅಂದರೆ ಮಾರಾಟ ಎಷ್ಟೇ ಆಗಲಿ ಕೊಡಲೇಬೇಕಾದ ಕನಿಷ್ಠ ರಾಯಲ್ಟಿ, 30 ಲಕ್ಷ ಎಂದಿಟ್ಟುಕೊಳ್ಳಿ. ಒಂದು ಲಕ್ಷ ಗೊಂಬೆ ಹೋದರೆ ಸರಿಹೋಯಿತು. ಸಿನಿಮಾ ಮಕಾಡೆ ಮಲಗಿ 40 ಸಾವಿರ ಮಾತ್ರ ಹೋದರೂ 30 ಲಕ್ಷ ಕೊಡಲೇಬೇಕು. ಆಗ ಒಂದು ಗೊಂಬೆಗೆ 75 ರೂಪಾಯಿ ಬೀಳುತ್ತದೆ. ಈ ಹೊಡೆತ ತಡೆದುಕೊಳ್ಳಲು ಗಟ್ಟಿ ಬಂಡವಾಳ ಬೇಕು. ದೊಡ್ಡ ಸಿನಿಮಾಗಳ ಲೈಸೆನ್ಸಿಗೆ ಸಣ್ಣ ತಯಾರಕರು ಕೈಹಾಕುವುದು ಕಷ್ಟ, ಒಂದು ಕಾರಣ ಇದೇ.

ಹಾಗಂತ ದೂರ ಉಳಿದರೂ ಕಷ್ಟ. 1976ರಲ್ಲಿ ಸ್ಟಾರ್ ವಾರ್ಸ್ ಲೈಸೆನ್ಸ್ ಮೀಗೋ ಎಂಬ ಅಮೆರಿಕದ ಆಟಿಕೆ ಕಂಪನಿಯ ಬಾಗಿಲಿಗೆ ಬಂದಿತ್ತು. ಬೇಡ ಎಂದರು. ಅದು ಕೆನ್ನರ್ ಎಂಬ ಇನ್ನೊಂದು ಆಟಿಕೆ ಕಂಪನಿಯ ಪಾಲಾಯಿತು. 1977ರಲ್ಲಿ ಸಿನಿಮಾ ಓಡಿದ ಓಟಕ್ಕೆ ಕೆನ್ನರ್ ಹತ್ತಿರ ಗೊಂಬೆಗಳೇ ತಯಾರಿರಲಿಲ್ಲ! ಆ ಕ್ರಿಸ್ಮಸ್‌ಗೆ ಗೊಂಬೆಯ ಬದಲು ಅವರು ಮಾರಿದ್ದು ಬರೀ ರಟ್ಟಿನ ಲಕೋಟೆ. ಒಳಗೆ ಒಂದು ಚೀಟಿ. ಅದನ್ನು ಕಳಿಸಿದರೆ ನಾಲ್ಕು ಗೊಂಬೆ ಮುಂದಿನ ವರ್ಷ ಅಂಚೆಯಲ್ಲಿ ಬರುತ್ತವೆ. ಬೋರ್ಡಿಗೆ ಎಂಥ ಬಲ ನೋಡಿ, ಸರಕಿಲ್ಲದೆಯೂ ವ್ಯಾಪಾರ. ಮೀಗೋ ಆಮೇಲೆ ಬೇರೆ ಬಾಹ್ಯಾಕಾಶ ಸಿನಿಮಾಗಳ ಲೈಸೆನ್ಸ್ ಹಿಡಿಯಿತು. ಅವು ಕೈಹಿಡಿಯಲಿಲ್ಲ. 1982ರಲ್ಲಿ ಕಂಪನಿ ದಿವಾಳಿ ಎಂದು ಅರ್ಜಿ ಹಾಕಿತು.

ಇನ್ನೊಂದು ವಿಷಯ, ಬೇಗ ಹೇಳಿಬಿಡುತ್ತೇನೆ. ಒಂದು ಸಿನಿಮಾದ ಲೈಸೆನ್ಸ್ ಎಲ್ಲಾ ಒಬ್ಬರಿಗೇ ಹೋಗಬೇಕೆಂದಿಲ್ಲ. ವಿಭಾಗ ಮಾಡಿ ಕೊಡುತ್ತಾರೆ. ಸ್ಟಾರ್ ವಾರ್ಸ್ ಗೊಂಬೆ ಹ್ಯಾಸ್ಬ್ರೋದ್ದು, ಜೋಡಿಸುವ ಇಟ್ಟಿಗೆ ಲೆಗೊದ್ದು, ಪುಟ್ಟ ಕಾರು ಮ್ಯಾಟೆಲ್‌ನ ಹಾಟ್ ವೀಲ್ಸ್‌ನದ್ದು. ಎದುರಾಳಿಗಳೆಲ್ಲ ಒಂದೇ ಬೋರ್ಡಿನ ಕೆಳಗೆ.

ಕ್ರಾಫರ್ಡ್ ಮಾರ್ಕೆಟ್ಟಿನ ಗಲ್ಲಿಯಲ್ಲಿ ಹೋದ ವಾರ ಎರಡು ಕಾರು ಕೈಯಲ್ಲಿ ಹಿಡಿದು ನೋಡಿದೆ. ಹಿಂದಕ್ಕೆಳೆದು ಬಿಟ್ಟರೆ ಓಡುವಂಥವು. ಅಚ್ಚು ಒಂದೇ, ಚಕ್ರದ ಪಕ್ಕದ ಜೋಡಣೆಯ ಗೆರೆಯೂ ಒಂದೇ. ಒಂದರ ಮೇಲೆ ಸಿನಿಮಾ ಹೀರೋನ ಮುಖದ ಸ್ಟಿಕರ್, ಸ್ವಲ್ಪ ಓರೆಯಾಗಿ ಅಂಟಿಸಿದ್ದು. ಅದಕ್ಕೆ ಐವತ್ತು ರೂಪಾಯಿ ಜಾಸ್ತಿ. ಪೆಟ್ಟಿಗೆ ತಿರುಗಿಸಿದರೆ ಹಕ್ಕುದಾರರ ಹೆಸರಿಲ್ಲ, ಅಸಲಿ ಎಂದು ತೋರಿಸುವ ಹೊಳೆಯುವ ಹೊಲೊಗ್ರಾಮ್ ಚೀಟಿ ಇಲ್ಲ. ಡುಪ್ಲಿಕೇಟ್ ಮಾಲು. ಬಾಡಿಗೆ ಕಟ್ಟಿದವರಿಗೆ ಇವರೂ ಎದುರಾಳಿಗಳೇ ಅಲ್ವಾ? ಉತ್ತರ ಬರೆಯುವಾಗ ಇವರನ್ನು ಬಿಡಬೇಡಿ.

ಬಾಡಿಗೆಯ ಇನ್ನೊಂದು ಕಾಟ, ಅದು ಸಿನಿಮಾದ ಕ್ಯಾಲೆಂಡರಿಗೆ ಕಟ್ಟಿಹಾಕುತ್ತದೆ. ಲೆಗೊ 1999ರಲ್ಲಿ ಸ್ಟಾರ್ ವಾರ್ಸ್ ಹಿಡಿಯಿತು, ಆಮೇಲೆ ಹ್ಯಾರಿ ಪಾಟರ್. 2003ರಲ್ಲಿ ಎರಡರದ್ದೂ ಹೊಸ ಸಿನಿಮಾ ಬರಲಿಲ್ಲ. ಆ ಸೆಟ್‌ಗಳ ಮಾರಾಟ ಕುಸಿಯಿತು. ಬೇರೆ ತಪ್ಪುಗಳೂ ಸೇರಿ ಕಂಪನಿ ಭಾರೀ ನಷ್ಟಕ್ಕೆ ಬಿತ್ತು. 2011ರಲ್ಲಿ ಅವರು ನಿಂಜಾಗೊ ತಂದರು. ಅದು ಸ್ವಂತ ಕಥೆ, ರಾಯಲ್ಟಿ ಯಾರಿಗೂ ಕೊಡಬೇಕಿಲ್ಲ. ಹ್ಯಾಸ್ಬ್ರೋ ಅಷ್ಟರಲ್ಲಾಗಲೇ ತನ್ನ ಟ್ರಾನ್ಸ್‌ಫಾರ್ಮರ್ಸ್ ಆಟಿಕೆಯನ್ನು 2007ರಲ್ಲಿ ಸಿನಿಮಾ ಪರದೆಗೆ ಏರಿಸಿತ್ತು. ಮ್ಯಾಟೆಲ್‌ನ ಬಾರ್ಬಿ ಸಿನಿಮಾ 2023ರಲ್ಲಿ ಬಂದು 140 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು. ಇಲ್ಲಿ ಬೋರ್ಡೂ ತನ್ನದು, ಗಲ್ಲಾನೂ ತನ್ನದು.

ಆದರೂ ಮ್ಯಾಟೆಲ್ ಬೇರೆಯವರ ಬೋರ್ಡು ಬಾಡಿಗೆಗೆ ಹಿಡಿಯುವುದನ್ನು ಬಿಟ್ಟಿಲ್ಲ. 2022ರ ಜನವರಿಯಲ್ಲಿ ಡಿಸ್ನಿ ರಾಜಕುಮಾರಿಯರ ಲೈಸೆನ್ಸನ್ನು ಹ್ಯಾಸ್ಬ್ರೋ ಕೈಯಿಂದ ಮತ್ತೆ ಗೆದ್ದುಕೊಂಡಿತು. ಬಾರ್ಬಿ ಸಿನಿಮಾ ಬಂದ ಅದೇ 2023ರಲ್ಲಿ ಎಲ್ಸಾ ಗೊಂಬೆ ಹಳೆಯ ಪೆಟ್ಟಿಗೆಗೆ ವಾಪಸ್ ಬಂದಳು.